ಎಡ ಹಿಂದಿನ ಸದ್ದು

ಗಂಡನ ಕಸುಬಿನಲ್ಲಿ ಅವಳಿಗಿದ್ದದ್ದು ಒಂದೇ ಕೆಲಸ, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುವುದು.

ಗಂಡನನ್ನು ಎಲ್ಲರೂ ಸೌಂಡಣ್ಣ ಎನ್ನುತ್ತಿದ್ದರು. ಮನೆಮನೆಗೆ ಹೋಗಿ ಹೋಮ್ ಥಿಯೇಟರ್ ಕೂರಿಸಿಕೊಡುವವನು. ಸ್ಪೀಕರುಗಳನ್ನು ಗೋಡೆಗೆ ಬಿಗಿದು, ತಂತಿಗಳನ್ನೆಲ್ಲ ಆಂಪ್ಲಿಫೈಯರಿಗೆ ಸೇರಿಸಿದ ಮೇಲೆ, ಮನೆಯವರು ಕೂತು ಸಿನಿಮಾ ನೋಡುವ ಜಾಗದಲ್ಲಿ ಅವಳು ಕೂರಬೇಕು. ಅವನು ರಿಮೋಟ್ ಒತ್ತಿದರೆ ಆಂಪ್ಲಿಫೈಯರು ಕುಕ್ಕರಿನ ಹಬೆಯಂಥ ಸದ್ದನ್ನು ಒಂದೊಂದೇ ಸ್ಪೀಕರಿಗೆ ಕಳಿಸುತ್ತದೆ. ಎಡ ಮುಂದೆ, ನಡು, ಬಲ ಮುಂದೆ, ಬಲ ಹಿಂದೆ, ಕೊನೆಗೆ ಎಡ ಹಿಂದೆ. ಸದ್ದು ಎಲ್ಲಿಂದ ಬಂತೋ ಅಲ್ಲಿಗೆ ಅವಳು ಕೈ ತೋರಿಸಬೇಕು. ತಂತಿ ಅದಲುಬದಲಾಗಿದ್ದರೆ ಕೈ ಬೇರೆ ದಿಕ್ಕಿಗೆ ಹೋಗುತ್ತದೆ, ಅಲ್ಲಿಗೆ ತಪ್ಪು ಸಿಕ್ಕಿಬೀಳುತ್ತದೆ. ಆಮೇಲೆ ಅವನೇ ಕುರ್ಚಿಯಲ್ಲಿ ಕೂತು ಎಲ್ಲ ಸ್ಪೀಕರುಗಳ ಸದ್ದೂ ಸರಿಸಮನಾಗುವಂತೆ ಏರಿಸಿ ಇಳಿಸಿ ಮಾಡುತ್ತಾನೆ.

ಇದನ್ನು ಅಳೆಯಲು ಆಂಪ್ಲಿಫೈಯರಿನ ಜೊತೆಯಲ್ಲೇ ಒಂದು ಪುಟ್ಟ ಮೈಕು ಬರುತ್ತದೆ. ಸೌಂಡಣ್ಣ ಅದನ್ನು ಡಬ್ಬದಿಂದ ಹೊರಗೇ ತೆಗೆಯುತ್ತಿರಲಿಲ್ಲ. "ಅದು ತಗಡಿನ ಕಿವಿ. ನಂದು ಹೆತ್ತವಳು ಕೊಟ್ಟಿದ್ದು" ಎನ್ನುತ್ತಿದ್ದ. ಅವನ ಹೆಸರು ನಿಂತಿದ್ದೇ ಆ ಕಿವಿಯ ಮೇಲೆ.

ಆ ಬೆಳಿಗ್ಗೆ ಕೆಲಸವಿದ್ದದ್ದು ಹಲ್ಲಿನ ಡಾಕ್ಟರ ಮನೆಯಲ್ಲಿ. ಡಾಕ್ಟರು ಹೊಸ ಆಂಪ್ಲಿಫೈಯರಿನ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಇದೇನಪ್ಪಾ ಸೌಂಡಣ್ಣ, ಮೈತುಂಬ ಹೆಸರು ಬರೆದವ್ರೆ? ನಮ್ಮ ಟೂತ್‌ಪೇಸ್ಟ್ ಕಂಪನಿಯವ್ರೂ ಇಷ್ಟು ಬರೆಯಲ್ಲ."

"ಹೇಳ್ತೀನಿ ಕೇಳಿ ಡಾಕ್ಟ್ರೇ." ಅವನಿಗೆ ಇದೆಂದರೆ ಪ್ರಾಣ. "ಹಳೇ ಟಿವಿಗೆ ಎಡ, ಬಲ, ಎರಡೇ. ಐದು ಪಾಯಿಂಟ್ ಒಂದು ಅಂದ್ರೆ ಮುಂದೆ ಮೂರು, ಹಿಂದೆ ಎರಡು. ಆ ಪಾಯಿಂಟ್ ಒಂದು ಅನ್ನೋದು ಬರೀ ಗುಡುಗೋ ಡಬ್ಬ. ಮಾತೆಲ್ಲ ಹೆಚ್ಚಾಗಿ ನಡೂದ್ರಲ್ಲೇ ಬರುತ್ತೆ. ಇನ್ನು ಡಾಲ್ಬಿ ಡಿಜಿಟಲ್, ಡಿಟಿಎಸ್ ಅಂತ ಇದಾವಲ್ಲ, ಅವು ಸದ್ದನ್ನ ಮಡಚಿ ಸೂಟ್‌ಕೇಸಿಗೆ ತುರುಕೋ ಬಗೆಗಳು. ಹಿಡಿಸದೆ ಇದ್ರೆ ನಾಲ್ಕು ಬಟ್ಟೆ ಮನೇಲೇ ಬಿಟ್ಟು ಹೊರಡ್ತಾವೆ. ಟ್ರೂ ಎಚ್‌ಡಿ, ಮಾಸ್ಟರ್ ಆಡಿಯೋ ಒಂದು ಕರ್ಚೀಫೂ ಬಿಡಲ್ಲ. ಆದ್ರೆ ಅವಕ್ಕೆ ದಾರಿ ಅಗಲ ಇರ್ಬೇಕು. ನಿಮ್ಮ ಹಳೇ ಆಪ್ಟಿಕಲ್ ತಂತೀಲಿ ತೂರಲ್ಲ, ಎಚ್‌ಡಿಎಂಐ ಹಾಕ್ಲೇಬೇಕು."

"ತೂರದೆ ಇದ್ರೆ ಸದ್ದೇ ಬರಲ್ವಾ?"

"ಬರುತ್ತೆ! ಅಲ್ಲೇ ಇರೋದು ಮೋಸ. ಸದ್ದಿಲ್ಲದೆ ಚಿಕ್ಕ ಗಂಟಿಗೆ ಇಳಿದುಬಿಡುತ್ತೆ. ಏನೋ ಹೋಯ್ತು ಅಂತ ಕೇಳೋರಿಗೆ ಗೊತ್ತೇ ಆಗಲ್ಲ."

"ಮತ್ತೆ ಈ ಅಟ್ಮಾಸು?"

"ಅದು ಸದ್ದಿಗೆ ಸ್ಪೀಕರ್ ಹೆಸರು ಕೊಡಲ್ಲ, ಜಾಗ ಕೊಡುತ್ತೆ. ಹಕ್ಕಿ ನಿಮ್ಮ ನೆತ್ತಿ ಮೇಲೆ, ಸ್ವಲ್ಪ ಎಡಕ್ಕೆ ಅಂತ. ಯಾವ ಸ್ಪೀಕರ್ ಕೂಗಬೇಕು ಅಂತ ಯಂತ್ರ ನೋಡ್ಕೊಳ್ಳುತ್ತೆ. ಏನು ಸದ್ದು ಅನ್ನೋದು ಆಮೇಲೆ ಡಾಕ್ಟ್ರೇ, ಎಲ್ಲಿಂದ ಬಂತು ಅನ್ನೋದೇ ಮೊದ್ಲು."

ಕಿಟಕಿಯ ಪಕ್ಕ ತಂತಿ ಸುತ್ತುತ್ತಿದ್ದ ಅವಳ ಕೈ ನಿಂತಿತು. ಮೊನ್ನೆ ರಸ್ತೆ ದಾಟುವಾಗ ಅವಳು ಎಡಗಡೆಯಿಂದ ಕೂಗಿದ್ದಕ್ಕೆ ಅವನು ಬಲಕ್ಕೆ ತಿರುಗಿ ಅವಳನ್ನು ಹುಡುಕಿದ್ದ. ಈಚೆಗೆ ಫೋನು ಬಂದರೆ ಬಲಗಿವಿಗೇ ಹಿಡಿಯುತ್ತಿದ್ದ. ನಡೆಯುವಾಗ ಎಡ ಭುಜ ಬಾಗಿಲ ಚೌಕಟ್ಟಿಗೆ ತಾಗುತ್ತಿತ್ತು. ಎಡಗಿವಿಯಲ್ಲಿ ಏನೋ ಗುಯ್‌ಗುಡುತ್ತೆ ಎಂದು ಒಮ್ಮೆ ಅಂದಿದ್ದ, ಮತ್ತೆ ಆ ಮಾತೆತ್ತಲಿಲ್ಲ. ಕಿವಿಯ ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಸೌಂಡಣ್ಣನಿಗೇ ಕಿವಿ ಕೇಳಲ್ಲ ಅಂತ ಡಂಗುರ ಹೊಡಿಸ್ತೀಯಾ?" ಎಂದು ಸಿಡುಕಿದ್ದ. ಅವಳು ಬಾಯಿ ಮುಚ್ಚಿಕೊಂಡಿದ್ದಳು. ಬಾಯಿ ಮುಚ್ಚಿಕೊಂಡವಳು ಸುಮ್ಮನೆ ಕೂತಿರಲಿಲ್ಲ, ಅದೇ ದೊಡ್ಡ ಕಥೆ.

ಅವನು ಕುರ್ಚಿಯಲ್ಲಿ ಕೂತು ಸದ್ದು ಹೊಂದಿಸಿದ. ತೃಪ್ತಿಯಿಂದ ತಲೆಯಾಡಿಸಿ, ಬಿಟ್ಟುಬಂದ ಕ್ಲಿಪ್ಪುಗಳನ್ನು ತರಲು ವ್ಯಾನಿಗೆ ಇಳಿದುಹೋದ. ಅವನ ಹೆಜ್ಜೆ ಮೆಟ್ಟಿಲಲ್ಲಿ ಕೇಳಿಸುತ್ತಿದ್ದಂತೆ ಅವಳು ರಿಮೋಟ್ ಎತ್ತಿಕೊಂಡಳು. ಅವನು ಎಡಗಡೆಯ ಎರಡು ಸ್ಪೀಕರುಗಳನ್ನು ಕಿವಿ ಕಿತ್ತುಹೋಗುವಷ್ಟು ಏರಿಸಿದ್ದ. ಎಡ ಮುಂದಿನದನ್ನು ಇಳಿಸಿದಳು. ಎಡ ಹಿಂದಿನದನ್ನು ಇನ್ನೂ ಇಳಿಸಿದಳು.

"ಅವರು ಹಾಕಿದ್ದನ್ನ ಯಾಕಮ್ಮಾ ತಗೀತಿದೀರಿ?"

ಹಲ್ಲಿನ ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. ಸುಳ್ಳೊಂದು ಅವಳ ನಾಲಗೆಯ ತುದಿಗೆ ಬಂತು, ಹೊರಗೆ ಬರಲಿಲ್ಲ.

"ಅವ್ರಿಗೆ... ಎಡಗಡೆ ಸ್ವಲ್ಪ ಕಮ್ಮಿ ಸಾರ್."

"ಎಷ್ಟು ದಿನ ಆಯ್ತು?"

"ಹೋದ ವರ್ಷದಿಂದ. ವಯಸ್ಸಲ್ವಾ ಸಾರ್?"

ಅವರ ಮುಖದಲ್ಲಿದ್ದ ತಮಾಷೆ ಇಳಿದುಹೋಯಿತು. "ವಯಸ್ಸಾದ್ರೆ ಎರಡೂ ಕಿವಿ ಜೊತೇಲಿ ಮಂದ ಆಗ್ತಾವಮ್ಮಾ. ಒಂದೇ ಹೋಗ್ತಿದೆ ಅಂದ್ರೆ ತಲೆ ಒಳಗೇನಿದೆ ಅಂತ ನೋಡಿಸ್ಬೇಕು. ಗಡ್ಡೆ ಇರಬಹುದು. ಇಲ್ಲದೆಯೂ ಇರಬಹುದು. ನಾನು ಹಲ್ಲಿನವನು, ಆದ್ರೆ ಇಷ್ಟು ನನಗೂ ಗೊತ್ತು. ತಡ ಮಾಡ್ಬೇಡಿ."

ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ಅವಳು ರಿಮೋಟನ್ನು ಮೊದಲಿದ್ದ ಜಾಗದಲ್ಲೇ ಇಟ್ಟಳು.

ಬಾಯಲ್ಲಿ ಹೇಳಿದರೆ ಅವನು ಒಪ್ಪುವ ಆಸಾಮಿಯಲ್ಲ. ಮಧ್ಯಾಹ್ನ ಅಂಗಡಿಯಲ್ಲಿ ಅವನು ಊಟಕ್ಕೆ ಕೂತಾಗ ಅವಳು ಹಿಂದಿನ ಡೆಮೊ ಕೋಣೆಗೆ ಹೋದಳು. ಆಂಪ್ಲಿಫೈಯರಿನ ಬೆನ್ನಿಗೆ ಕೈ ಹಾಕಿ ಎಡದ ತಂತಿಗಳನ್ನು ಬಲಕ್ಕೂ ಬಲದವನ್ನು ಎಡಕ್ಕೂ ಸಿಕ್ಕಿಸಿದಳು. ಊಟ ಮುಗಿಸಿದವನನ್ನು ಅಲ್ಲಿಗೇ ಕರೆದಳು.

"ಇವತ್ತು ನೀವು ಕೂತ್ಕೊಳ್ಳಿ ರೀ. ರಿಮೋಟ್ ನಾನು ಹಿಡೀತೀನಿ."

"ಏನಮ್ಮಾ, ಪ್ರಮೋಷನ್ ಕೊಟ್ಕೊಂಡ್ಯಾ?" ಎಂದು ನಗುತ್ತಾ ಅವನು ಕೂತು ಕಣ್ಣು ಮುಚ್ಚಿದ.

ಅವಳು ಗುಂಡಿ ಒತ್ತಿದಳು. ಸದ್ದು ಬಲ ಮುಂದಿನಿಂದ ಬಂತು. ಅವನ ಕೈ ಎಳ್ಳಷ್ಟೂ ಅನುಮಾನವಿಲ್ಲದೆ ಎಡಕ್ಕೆ ಹೋಯಿತು. ನಡು ಸರಿಯಾಯಿತು. ಎಡದಿಂದ ಬಂದಾಗ ಕೈ ಬಲಕ್ಕೆ ಹೋಯಿತು. ಎಡ ಹಿಂದಿನಿಂದ ಹಬೆ ಚಿಮ್ಮಿದಾಗ ಅವನು ಬಲ ಭುಜದ ಮೇಲಿಂದ ಹೆಬ್ಬೆರಳು ತೋರಿಸಿದ. ಇಷ್ಟು ವರ್ಷ ಬಾಯಿಪಾಠವಾಗಿದ್ದ ಸರದಿಯನ್ನು ಕೈ ತಾನೇ ಒಪ್ಪಿಸುತ್ತಿತ್ತು. ಸದ್ದು ಬಂತೆಂಬುದು ಅವನಿಗೆ ತಿಳಿಯುತ್ತಿತ್ತು, ಎಲ್ಲಿಂದ ಎಂಬುದು ತಿಳಿಯುತ್ತಿರಲಿಲ್ಲ.

ಕಣ್ಣು ಬಿಟ್ಟು, "ಎಷ್ಟು ಮಾರ್ಕು?" ಎಂದ.

ಅವಳು ಆಂಪ್ಲಿಫೈಯರನ್ನು ತಿರುಗಿಸಿ ಇಟ್ಟಳು. ಅವನೇ ಅಂಟಿಸಿದ್ದ ಬಿಳಿ ಚೀಟಿಗಳು, 'ಎಡ' ಎಂದು ಬರೆದದ್ದು ಬಲದ ತೂತಿನಲ್ಲಿ, 'ಬಲ' ಎಂದದ್ದು ಎಡದಲ್ಲಿ.

"ಯಾವನು ಮಾಡಿದ್ದು ಇದನ್ನ?"

"ನಾನೇ. ಈಗ, ನೀವು ಊಟ ಮಾಡ್ತಿದ್ದಾಗ."

ಬೈಯುತ್ತಾನೆಂದು ಅವಳು ಕಾದಳು. ಅವನು ಬೈಯಲಿಲ್ಲ. ಅವಳ ಕೈಯಿಂದ ರಿಮೋಟ್ ತೆಗೆದುಕೊಂಡು ಗುಂಡಿ ಒತ್ತಿ, ಬಲಗಿವಿಗೆ ಬೆರಳು ತುರುಕಿಕೊಂಡು ಕೂತ. ಸದ್ದು ಕೋಣೆಯನ್ನು ಒಂದು ಸುತ್ತು ಸುತ್ತಿತು. ಇನ್ನೊಂದು ಸುತ್ತಿಗೆ ತೊಡಗಿತು.

"ಆನ್ ಆಗಿದ್ಯೇನೇ ಇದು?" ಎಂದ.

ಸ್ಕ್ಯಾನಿನ ಚಿತ್ರ ನೋಡಿ ಆಸ್ಪತ್ರೆಯ ಸರ್ಜನ್ ಮಾತನ್ನು ಸುತ್ತಿ ಬಳಸಲಿಲ್ಲ. ಕಿವಿಯ ನರದ ಮೇಲೆ ಗಡ್ಡೆ. ಬೆಳೆದು ಮಿದುಳಿನ ಬುಡವನ್ನು ಒತ್ತುತ್ತಿದೆ. ತೆಗೆಯಲೇಬೇಕು. ಎಡಗಿವಿ ಇನ್ನು ಬರುವುದಿಲ್ಲ. ಮುಖದ ಎಡಭಾಗ ಜೋತುಬೀಳಬಹುದು. ಜೀವದ ಬಗ್ಗೆ ಅವರು ಅಳೆದು ತೂಗಿ ಮಾತಾಡಿದರು. ಹೋದ ವರ್ಷ ಸಣ್ಣದಿದ್ದಾಗಲೇ ಬಂದಿದ್ದರೆ ಚಿಕಿತ್ಸೆಯ ದಾರಿಯೇ ಬೇರೆಯಿತ್ತು ಎಂದರು.

"ಹೋದ ವರ್ಷ ಚೆನ್ನಾಗೇ ಇತ್ತು ಸಾರ್" ಎಂದ ಸೌಂಡಣ್ಣ. "ಅಷ್ಟೊಂದು ಮನೆಗೆ ಹಾಕಿದೀನಿ, ಒಬ್ಬ ಗಿರಾಕಿಯಾದ್ರೂ ದೂರು ಹೇಳ್ಬೇಕಲ್ಲ? ಒಂದೂ ಬಂದಿಲ್ಲ. ನನಗೂ ಆಗಾಗ ಅನುಮಾನ ಬರ್ತಿತ್ತು. ಆದ್ರೆ ಕೆಲಸ ಸರಿಯಾಗಿದ್ಯಲ್ಲ ಅಂತ ಸುಮ್ನಾಗ್ತಿದ್ದೆ."

ಸರ್ಜನ್ ಅವಳ ಕಡೆ ನೋಡಿದರು. ಅವಳು ಚೀಲದ ಹಿಡಿಯನ್ನು ನೋಡಿದಳು.

ಹೊರಗೆ ಬೆಂಚಿನ ಮೇಲೆ ಕಾಯಬೇಕಿತ್ತು. ತಳ್ಳುಗಾಡಿಗಳ ಗಡಗಡ, ಯಾರದೋ ಕೆಮ್ಮು, ಮಗುವಿನ ಅಳು. ಅವಳು ಅವನ ಎಡಕ್ಕೆ ಕೂತಿದ್ದಳು.

"ಎಲ್ಲ ಮನೇಲೂ ನಾನೇ ಇಳಿಸ್ತಿದ್ದೆ ರೀ" ಎಂದಳು, ತುಟಿಯಷ್ಟೇ ಅಲುಗಿಸಿ. "ನೀವು ಅತ್ತ ಹೋದ ಕೂಡ್ಲೆ. ಅದಕ್ಕೇ ದೂರು ಬರ್ಲಿಲ್ಲ."

ಅವನು ಎದುರಿನ ಗೋಡೆ ನೋಡುತ್ತಲೇ ಇದ್ದ. ಹೇಳಿದ್ದಾಯಿತು, ಕೇಳಿಸದಿದ್ದರೆ ತನ್ನ ತಪ್ಪಲ್ಲ ಎಂದು ಮನಸ್ಸು ಒಳಗಿಂದ ಪುಸಲಾಯಿಸಿತು. ಅವನ ಮಾನ ಕಾಯಲು ಹೋಗಿ ಅವನ ಜೀವಕ್ಕೆ ಕುತ್ತು ತಂದವಳ ಮನಸ್ಸು ಅದು. ಅವಳಿಗೆ ಅದರ ಮೇಲಿದ್ದ ನಂಬಿಕೆ ಹೋಗಿತ್ತು.

ಎದ್ದು ಅವನ ಬಲಕ್ಕೆ ಬಂದು ಕೂತಳು. ಅದೇ ಮಾತನ್ನು ಮೊದಲಿಂದ, ಗಟ್ಟಿಯಾಗಿ ಹೇಳಿದಳು.

ಅವನು ಕೇಳಿದ, "ಎಡ ಹಿಂದಿಂದು ಎಷ್ಟು ಇಳಿಸ್ತಿದ್ದೆ?"

"ಮೊದಮೊದ್ಲು ಸ್ವಲ್ಪ. ಈಚೆಗೆ ತುಂಬಾ."

"ಹೂಂ" ಎಂದ. ಅವಳ ಕೈಯ ಪಕ್ಕದಲ್ಲಿದ್ದ ತನ್ನ ಕೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡ. "ನಾನು ಕೇಳ್ತಿದ್ದಿದ್ದು ನಿನ್ನ ಕಿವೀಲಿ ಅನ್ನು."

ಎಡಗಡೆಯ ಬಾಗಿಲು ತೆರೆದು ನರ್ಸ್ ಅವನ ಹೆಸರು ಕೂಗಿದಳು. ಅವನು ಎದ್ದು ಬಲಕ್ಕೆ ಎರಡು ಹೆಜ್ಜೆ ಇಟ್ಟ. ಮೆಲ್ಲಗೆ ಮೊಣಕೈ ಹಿಡಿದು, ಯಾರಿಗೂ ಗೊತ್ತಾಗದ ಹಾಗೆ ತಿರುಗಿಸಿಬಿಡಲು ಅವಳ ಕೈ ಅಭ್ಯಾಸಬಲದಿಂದ ಚಾಚಿತು. ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡಳು.

"ಆ ಕಡೆ ಅಲ್ಲ ರೀ" ಎಂದಳು, ಇಡೀ ಓಣಿಗೆ ಕೇಳಿಸುವಂತೆ. "ಎಡಕ್ಕೆ."