ಕಣ್ಣಿಗೆ ಕಾಣುವಷ್ಟು ಬಡತನ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಓಣಿಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾನು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡ ಮೇಲೂ ಅವರ ಮೈ ಉರಿಯದಿದ್ದರೆ, ಅವತ್ತು ಬಂದು ನನಗೆ ಬುದ್ಧಿ ಹೇಳಲಿ.

ಮಗಳಿಗೆ ಆರ್ಕಿಟೆಕ್ಚರ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಶಿಫಾರಸು ಇಲ್ಲ, ವಶೀಲಿ ಇಲ್ಲ, ಸ್ವಂತ ಅಂಕದ ಮೇಲೆ ಸಿಕ್ಕಿದ್ದು. ಓದು ಐದು ವರ್ಷದ್ದು. ಮೊದಲ ವರ್ಷದ ಫೀಸಿಗೆ ಹೇಗೋ ದಾರಿ ಮಾಡಿಕೊಂಡಿದ್ದೆವು. ಆಸ್ಪತ್ರೆಯ ಲಾಂಡ್ರಿಯಲ್ಲಿ ಹೊದಿಕೆ ಮಡಚುವ ಕೆಲಸ ನನ್ನದು. ಅಲ್ಲಿಯ ಪಿ.ಎಫ್. ದುಡ್ಡಲ್ಲಿ ಒಂದು ಭಾಗ ತೆಗೆಯುವುದು, ನಮ್ಮ ಮನೆಯವರು ತಾವು ಕೆಲಸ ಮಾಡುವ ಅಂಗಡಿ ಮಾಲೀಕನ ಹತ್ತಿರ ಮುಂಗಡ ಕೇಳುವುದು ಅಂತ ಆಗಿತ್ತು. ಮುಂದಿನ ವರ್ಷಗಳದ್ದಕ್ಕೆ ದಾರಿ ಕಾಣುತ್ತಿರಲಿಲ್ಲ. ಆಗ ಕಾಲೇಜಿನವರೇ ಒಂದು ಟ್ರಸ್ಟಿನ ವಿಳಾಸ ಕೊಟ್ಟರು. ಚೆನ್ನಾಗಿ ಓದುವ ಬಡ ಮಕ್ಕಳ ಫೀಸನ್ನು ಕೊನೆಯ ವರ್ಷದವರೆಗೂ ಅವರೇ ಕಟ್ಟುತ್ತಾರಂತೆ. ಮನೆಗೆ ಬಂದು ಒಮ್ಮೆ ನೋಡಿ ಹೋಗುತ್ತಾರೆ, ಅಷ್ಟೇ ಅಂದರು.

ಆ ‘ಅಷ್ಟೇ’ ಎಷ್ಟು ದೊಡ್ಡದು ಅಂತ ಆಗ ನಮಗೆ ಗೊತ್ತಿರಲಿಲ್ಲ.

ದೊಡ್ಡ ಮನುಷ್ಯರು ಮನೆಗೆ ಬರುತ್ತಾರೆ ಅಂದರೆ ನಮ್ಮಂಥವರು ಏನು ಮಾಡುತ್ತೇವೆ? ಮನೆ ತೊಳೆಯುತ್ತೇವೆ. ನಾನು ಕಿಟಕಿ ಸರಳುಗಳನ್ನು ಒಂದೊಂದಾಗಿ ಒರೆಸಿದೆ. ಇವರು ಭಾನುವಾರವಿಡೀ ಕೂತು ಮೇಜು, ಕುರ್ಚಿ, ಪುಸ್ತಕದ ಕಪಾಟನ್ನು ಉಪ್ಪುಕಾಗದದಲ್ಲಿ ಉಜ್ಜಿ ಹೊಸದಾಗಿ ಪಾಲಿಶ್ ಹೊಡೆದರು.

ನಮ್ಮ ಮನೆಯವರು ಮರಗೆಲಸದವರು. ಎಲ್ಲರೂ ಮೇಸ್ತ್ರಿ ಅಂತಲೇ ಕರೆಯುತ್ತಾರೆ. ಮಾತು ಕಡಿಮೆ. ನನ್ನ ಪಾಲಿನ ಮಾತನ್ನೂ ಅವರ ಪಾಲಿನದನ್ನೂ ನಾನೇ ಆಡಿ ಮುಗಿಸುತ್ತೇನೆ ಅನ್ನುವುದು ಮಗಳ ತಮಾಷೆ. ಮೂರು ಕಾಲಿನ ಕುರ್ಚಿ, ಯಂತ್ರದ ಸಾಮಾನು ಬಂದ ಪೆಟ್ಟಿಗೆಯ ಹಲಗೆ, ಒಡೆದ ಬಾಗಿಲು, ಹೀಗೆ ಅಂಗಡಿಯವರು ಒಲೆಗೆ ಹಾಕಿ ಅಂತ ಬಿಸಾಡಿದ್ದನ್ನೆಲ್ಲ ಹೆಗಲ ಮೇಲೆ ಹೊತ್ತು ತರುತ್ತಿದ್ದರು. ನಮ್ಮ ಒಂದೂವರೆ ಕೋಣೆಯ ಮನೆಯಲ್ಲಿ ಇದ್ದದ್ದೆಲ್ಲ ಹಾಗೆ ಬಂದದ್ದೇ. ಮಗಳಿಗೆ ಸೀಟು ಸಿಕ್ಕಿದ ಸುದ್ದಿ ಕೇಳಿದ ಮೇಲೆ ಅವಳಿಗಾಗಿ ಒಂದು ಮೇಜು ಮಾಡಿದರು. ನಕ್ಷೆ ಬರೆಯುವವರಿಗೆ ಮೇಜಿನ ಹಲಗೆ ಓರೆಯಾಗಿ ಏಳಬೇಕಂತೆ. ಮಗಳು ಚಿತ್ರ ತೋರಿಸಿದಳು, ಇವರು ನೋಡಿದರು, ತಲೆ ಆಡಿಸಿದರು. ಹಲಗೆ ಎದ್ದು ನಿಲ್ಲುವ, ಕೆಳಗೆ ಉದ್ದ ಕಾಗದ ಇಡಲು ಖಾನೆ ಇರುವ ಮೇಜು ತಯಾರಾಯಿತು. ಮುಟ್ಟಿದರೆ ಕೈ ಜಾರಬೇಕು, ಅಷ್ಟು ನುಣುಪು.

ಟ್ರಸ್ಟಿನಿಂದ ಬಂದವನು ಚಿಕ್ಕ ವಯಸ್ಸಿನವನು, ಕಂಕುಳಲ್ಲಿ ಫೈಲು. ಒಳಗೆ ಕಾಲಿಟ್ಟವನು ನಮ್ಮ ಮುಖ ನೋಡುವ ಮೊದಲು ಮೇಜು ನೋಡಿದ. ಕುರ್ಚಿಯಲ್ಲಿ ಕೂತು ಅದರ ಕೈ ಸವರಿದ.

“ಇದೆಲ್ಲ ಎಷ್ಟಾಯ್ತು?”

“ಏನೂ ಆಗ್ಲಿಲ್ಲ ಸಾರ್,” ಅಂದರು ಇವರು. “ಬಿಸಾಕಿದ್ದ ಮರ. ನಾನೇ ಮಾಡ್ಕೊಂಡಿದ್ದು.”

“ನೀವು ಮಾಡಿದ್ದೇ ಇರಬಹುದು. ಆದ್ರೆ ನಾನು ತೆಗೆದು ಕಳಿಸೋ ಫೋಟೋದಲ್ಲಿ ಅದು ಗೊತ್ತಾಗಲ್ವಲ್ಲ.” ಅವನು ಫೈಲು ಮುಚ್ಚಿದ. “ನೋಡಿ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ನಾನು ಇದನ್ನ ಹೀಗೇ ಕೊಟ್ರೆ ಮೇಲಿನವರು ‘ಅನುಕೂಲಸ್ಥರು’ ಅಂತ ಬರೆದು ಪಕ್ಕಕ್ಕೆ ಇಡ್ತಾರೆ. ದುಡ್ಡು ಕೊಡೋರಿಗೆ ಬಡತನ ಕಣ್ಣಿಗೆ ಕಾಣಬೇಕು.”

“ಸಂಬಳದ ಚೀಟಿ ಕೊಟ್ಟಿದೀವಲ್ಲಪ್ಪ,” ಅಂದೆ ನಾನು. “ಅದರಲ್ಲಿ ಕಾಣಲ್ವಾ?”

“ಚೀಟಿ ಯಾರಮ್ಮ ನೋಡ್ತಾರೆ? ಗುರುವಾರ ನಮ್ಮ ಟ್ರಸ್ಟಿನ ಮೇಡಂನ ಕರ್ಕೊಂಡು ಮತ್ತೆ ಬರ್ತೀನಿ. ಅಷ್ಟರಲ್ಲಿ ಸ್ವಲ್ಪ... ನಿಮಗೇ ಅರ್ಥ ಆಗುತ್ತೆ.”

ಅರ್ಥವಾಯಿತು. ಮೈಯೆಲ್ಲ ಬೆಂಕಿ ಹತ್ತಿದ ಹಾಗಾಯಿತು. ಕೂಲಿ ಮಾಡಿ ಉಣ್ಣುವವರ ಮನೆ ಗಲೀಜಾಗಿರಬೇಕು, ಕುರ್ಚಿ ಇದ್ದರೂ ಮುರಿದಿರಬೇಕು, ನೆಟ್ಟಗಿದ್ದರೆ ಅದೊಂದು ಅಪರಾಧ! ಆ ಅಂಗಡಿಯಲ್ಲಿ ಹಗಲೆಲ್ಲ ಮರದ ಹೊಟ್ಟಿನ ಧೂಳು ಕುಡಿದು ಬಂದು, ಮತ್ತೆ ಮನೆಯಲ್ಲಿ ಕೂತು ಮಾಡಿದ ಮನುಷ್ಯನಿಗೆ ಸಿಕ್ಕ ಬಹುಮಾನ ಇದು. ಅವನನ್ನು ಅಲ್ಲೇ ನಿಲ್ಲಿಸಿ ನೀರಿಳಿಸುತ್ತಿದ್ದೆ. ಇವರು ನನ್ನ ಕೈ ಹಿಡಿದು ಒತ್ತಿದರು. “ಸುಮ್ನಿರೇ. ಐದು ವರ್ಷ,” ಅಂದರು. ಆಮೇಲೆ ನನ್ನಿಂದ ಮಾತು ತೆಗೆದುಕೊಂಡರು, ಗುರುವಾರ ಏನೇ ಆದರೂ ನಾನು ಬಾಯಿ ಬಿಡಬಾರದು ಅಂತ.

ಬುಧವಾರ ಕೆಲಸ ಬಿಟ್ಟು ಬಂದವರೇ ಸಾಮಾನು ಹೊರತೊಡಗಿದರು. ಪಕ್ಕದ ಮನೆಯ ಟೈಲರಮ್ಮ ತನ್ನ ಹೊಲಿಗೆ ಮಿಷನ್ನನ್ನು ಗೋಡೆಗೆ ಒತ್ತರಿಸಿ ಜಾಗ ಮಾಡಿಕೊಟ್ಟಳು.

“ಅಯ್ಯೋ ಮೇಸ್ತ್ರಿ, ಇಷ್ಟೆಲ್ಲ ನನ್ನ ಮನೇಲಿಟ್ರೆ ನಾನೇ ಸಾಹುಕಾರ್ತಿ ಆಗೋದ್ನಲ್ಲ! ನಾಳೆ ಅವರು ಬಾಗಿಲು ತಪ್ಪಿ ಇಲ್ಲಿಗೆ ಬಂದ್ರೆ ನನ್ನ ಗತಿ?” ಅಂದಳು. ನಗಿಸಬೇಕು ಅಂತಲೇ ಅಂದದ್ದು. ಇವರಿಗೆ ನಗು ಬರಲಿಲ್ಲ. ಕುರ್ಚಿಗಳು ಹೋದವು, ಕಪಾಟು ಹೋಯಿತು. ಕೊನೆಗೆ ಮೇಜು. ಬಾಗಿಲಲ್ಲಿ ಅದು ತಿರುಗಲಿಲ್ಲ. ಮಗಳು ಒಂದು ಕಡೆ, ಇವರು ಒಂದು ಕಡೆ ಹಿಡಿದು ಕಾಲು ಕಳಚಿ ಹಲಗೆಯನ್ನು ನಿಲ್ಲಿಸಿಕೊಂಡು ದಾಟಿಸಿದರು.

“ನನಗೆ ಇದು ಸರಿ ಕಾಣ್ತಿಲ್ಲಪ್ಪ,” ಅಂದಳು ಮಗಳು.

“ನನಗೂ ಕಾಣ್ತಿಲ್ಲ. ಹಿಡ್ಕೋ,” ಅಂದರು ಇವರು.

ಸಾಮಾನು ಇದ್ದ ಕಡೆಯೆಲ್ಲ ಗೋಡೆಯ ಬಣ್ಣ ಹೊಸದಾಗಿ ಉಳಿದಿತ್ತು. ಅದು ಕಾಣಬಾರದೆಂದು ನಾನು ಹಳೆಯ ಸೀರೆಗಳನ್ನು ಹಗ್ಗಕ್ಕೆ ಇಳಿಬಿಟ್ಟೆ. ಮನೆ ತೊಳೆದ ಕೈಯಿಂದಲೇ ಮನೆ ಕೆಡಿಸಿದೆ. ಅಂಥ ಕೆಲಸ ನನ್ನ ಕೈಯಲ್ಲಿ ಮಾಡಿಸಿದವರಿಗೆ ಒಳ್ಳೆಯದಾಗುತ್ತದಾ?

ಗುರುವಾರ ಮೇಡಂ ಬಂದರು. ಕೆಟ್ಟವರೇನಲ್ಲ, ಅದೇ ಸಂಕಟ. ಒಳಗೆ ಬಂದವರು ಮಗಳ ತಲೆ ಸವರಿದರು. ಅವಳು ನೆಲದ ಮೇಲೆ ಕಾಗದ ಹರಡಿಕೊಂಡು ಬೆನ್ನು ಬಗ್ಗಿಸಿ ಗೆರೆ ಎಳೆಯುತ್ತಿದ್ದಳು. ಹಾಗೆ ಕೂರು ಅಂತ ಹೇಳಿದವನು ಆ ಫೈಲಿನ ಹುಡುಗನೇ. ಅವನು ಫೋಟೋ ತೆಗೆದ, “ನಗಬೇಡಮ್ಮ” ಅಂದ. ಅವಳು ನಕ್ಕೇ ಇರಲಿಲ್ಲ.

ಮೇಡಂ ಸುತ್ತ ನೋಡಿದರು. ಕಣ್ಣಲ್ಲಿ ನೀರು ತುಂಬಿಕೊಂಡಿತು, ನಿಜವಾದ ನೀರೇ. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ಇವರ ಕಡೆ ತಿರುಗಿದರು.

“ನೀವು ಏನು ಕೆಲಸ ಮಾಡ್ತೀರಿ?”

“ಮರದ ಕೆಲಸ ಮೇಡಂ.”

“ಮರದ ಕೆಲಸ?” ಅವರ ದನಿಯೇ ಬದಲಾಯಿತು. “ಕಂಡೋರ ಮನೆಗೆಲ್ಲ ಮೇಜು ಕುರ್ಚಿ ಮಾಡಿಕೊಡ್ತೀರಿ. ನಿಮ್ಮ ಮಗಳು ನೆಲದ ಮೇಲೆ ಬಿದ್ದು ನಕ್ಷೆ ಬರೀತಿದಾಳಲ್ರೀ! ಅವಳಿಗೆ ಒಂದು ಹಲಗೆ ಹೊಂದಿಸಿ ಕೊಡೋಕೆ ಆಗ್ಲಿಲ್ವಾ ನಿಮಗೆ?”

ನಾನು ಫೈಲಿನವನ ಮುಖ ನೋಡಿದೆ. ಅವನಿಗೆ ಎಲ್ಲ ಗೊತ್ತಿತ್ತು. ಆ ಮೇಜನ್ನು ಅವನು ಕಣ್ಣಾರೆ ನೋಡಿದ್ದ, ಆ ಕುರ್ಚಿಯಲ್ಲಿ ಕೂತು ಸವರಿದ್ದ. ಒಂದು ಮಾತು ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ.

“ಕುಡೀತೀರಾ?” ಅಂದರು ಮೇಡಂ.

“ಇಲ್ಲ ಮೇಡಂ.”

“ಮತ್ತೆ? ಸೋಮಾರಿತನ ತಾನೆ?”

ಇವರ ಕೈ ನೋಡಿದ್ದರೂ ಸಾಕಿತ್ತು. ಉಗುರಿನ ಸಂದಿಯಲ್ಲಿ ಭಾನುವಾರದ ಪಾಲಿಶ್ ಇನ್ನೂ ಹಾಗೇ ಇತ್ತು. ಆದರೆ ಆ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದರು. ನನ್ನ ನಾಲಿಗೆ ಹಲ್ಲಿನ ಹಿಂದೆ ಒದ್ದಾಡುತ್ತಿತ್ತು. ಮಾತು ಕೊಟ್ಟಿದ್ದೆನಲ್ಲ, ಸೆರಗನ್ನು ಮುಷ್ಟಿಯಲ್ಲಿ ಹಿಂಡುತ್ತ ನಿಂತೆ.

“ಹೌದು ಮೇಡಂ,” ಅಂದರು ಇವರು. “ಮಾಡಿಕೊಡಬೇಕಾಗಿತ್ತು. ಮಾಡಲಿಲ್ಲ. ನನ್ನದೇ ತಪ್ಪು.”

ಮಗಳ ಪೆನ್ಸಿಲು ಕಾಗದದ ಮೇಲೆ ಅಲ್ಲೇ ನಿಂತಿತು.

ಮೇಡಂ ನಿಟ್ಟುಸಿರು ಬಿಟ್ಟು ಫೈಲಿಗೆ ಸಹಿ ಹಾಕಿದರು. ಐದು ವರ್ಷದ ಫೀಸು ಮಂಜೂರಾಯಿತು. “ಹುಡುಗಿಗೋಸ್ಕರ ಕೊಡ್ತಿದೀವಿ, ನಿಮ್ಮ ಮುಖ ನೋಡಿ ಅಲ್ಲ,” ಅಂತ ಇವರಿಗೊಂದು ಮಾತು ಹೇಳಿ ಹೊರಟರು. ಫೈಲಿನವನು ಒಪ್ಪಿಗೆ ಪತ್ರವನ್ನು ನನ್ನ ಕೈಗಿಟ್ಟು, ಮಗಳ ಸಹಿ ಹಾಕಿಸಿ ಇಟ್ಟಿರಿ, ಸಂಜೆ ಬಂದು ತಗೊಂಡು ಹೋಗ್ತೀನಿ ಅಂದ. ಆಮೇಲೆ ದನಿ ತಗ್ಗಿಸಿ, “ಪ್ರತಿ ವರ್ಷ ಬಂದು ನೋಡ್ತೀವಿ. ಹೀಗೇ ಇರಲಿ,” ಅಂದ.

ಅವರ ಕಾರು ತಿರುವು ದಾಟುವುದನ್ನೇ ಕಾಯುತ್ತಿದ್ದೆ. ಇಬ್ಬರ ಜನ್ಮವನ್ನೂ ಜಾಲಾಡಿದೆ. ಟೈಲರಮ್ಮ ಮಿಷನ್ ನಿಲ್ಲಿಸಿ ಹೊರಗೆ ಬರುವಷ್ಟು ಜೋರಾಗಿ ಬೈದೆ. ನನ್ನ ಗಂಡ ಸೋಮಾರಿಯಂತೆ! ಅಂಥ ಮಾತನ್ನು ಹೆತ್ತ ಮಗಳ ಮುಂದೆ ನಿಲ್ಲಿಸಿ ಅನ್ನಿಸಿಕೊಳ್ಳುವ ಹಾಗೆ ಮಾಡಿದರಲ್ಲ, ಅದಕ್ಕೆ ದಾನ ಅಂತ ಹೆಸರು ಬೇರೆ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಮಗಳು ಎದ್ದಳು. ಅವಳು ಅಪ್ಪನ ಹಾಗೆ, ದನಿ ಎತ್ತುವವಳಲ್ಲ.

“ನನಗೆ ಈ ದುಡ್ಡು ಬೇಡ,” ಅಂದಳು. “ಮೊದಲ ವರ್ಷದ್ದು ಹೇಗೋ ಆಗುತ್ತೆ, ಮುಂದಿನದಕ್ಕೆ ಎಲ್ಲಾದರೂ ಕೆಲಸ ಮಾಡ್ತೀನಿ. ಆಮೇಲೆ ನೋಡೋಣ. ಸಹಿ ಹಾಕಲ್ಲ.”

ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಹರಿದು ಹಾಕು ಮಗಳೇ ಅನ್ನಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಇವರು ತಿರುಗಿದರು. ಮದುವೆಯಾದಾಗಿನಿಂದ ಇವರ ಕಣ್ಣು ಹಾಗೆ ಕೆಂಪಾಗಿದ್ದನ್ನು ನಾನು ನೋಡಿರಲಿಲ್ಲ.

“ಹಾಕ್ತೀಯ,” ಅಂದರು.

“ಅಪ್ಪ, ಅವರು ನಿಮ್ಮನ್ನ—”

“ನನ್ನ ಬಾಯಿಂದ ಆ ಮಾತು ಆಡಿಸಿದರು. ಆಡಿಬಿಟ್ಟಿದೀನಿ. ಅದನ್ನ ಇನ್ನು ವಾಪಸ್ ತಗೊಳ್ಳೋಕೆ ಆಗಲ್ಲ. ಈಗ ನೀನು ದುಡ್ಡು ಬೇಡ ಅಂದ್ರೆ, ನಾನು ಅದನ್ನ ಪುಕ್ಕಟೆ ಹೇಳಿದ ಹಾಗಾಗುತ್ತೆ.”

ನಾನು ಒಪ್ಪಿಗೆ ಪತ್ರವನ್ನು ಮಗಳ ಕಡೆ ಚಾಚಿದೆ. ಅವಳು ನನ್ನ ಕೈಯಿಂದ ಕಾಗದ ತೆಗೆದುಕೊಂಡು, ನೆಲದ ಮೇಲಿಟ್ಟು ಸಹಿ ಹಾಕಿದಳು.