ಹಸಿ ಗೋಡೆ

ಹಳೆಯ ಸೀರೆಯ ತುಂಡನ್ನು ಬಕೆಟ್ಟಿನ ಬಾಯಿಗೆ ಬಿಗಿದು ಕಟ್ಟಿದೆ. ಹಿಂದಿನ ದಿನ ನೆನೆಸಿಟ್ಟ ಕೆಮ್ಮಣ್ಣನ್ನು ಬೋಗಾಣಿಯಿಂದ ಸ್ವಲ್ಪ ಸ್ವಲ್ಪವೇ ಅದರ ಮೇಲೆ ಸುರಿದು ಅಂಗೈಯಿಂದ ಉಜ್ಜಿದೆ. ಹರಳು ಬಟ್ಟೆಯ ಮೇಲೆ ಉಳಿಯಿತು, ಕೆಂಪು ನೀರು ಕೆನೆಯ ಹಾಗೆ ಕೆಳಗಿಳಿಯಿತು. ಮಕ್ಬೂಲ ಚಾಚಾ ಏಣಿಯ ಮೇಲೆ ನಿಂತು ಛತ್ತಿನ ಅಂಚಿಗೆ ಬಿಳಿ ಎಳೆಯುತ್ತಿದ್ದರು.

ಬೀದರದ ಮೈಲೂರಿನ ಆ ಹೊಸ ಮನೆ ಸತೀಶಕುಮಾರರದು. ಅವರ ತೊಗರಿ ವ್ಯಾಪಾರ ಭಾಲ್ಕಿಯಲ್ಲಿ. ಮನೆಗೆ ಬಣ್ಣ ಹಚ್ಚುವ ಕೆಲಸ ಮಕ್ಬೂಲ ಚಾಚಾ ಹಿಡಿದಿದ್ದರು. ನಾನು ಎರಡು ವರ್ಷದಿಂದ ಅವರ ಕೈಕೆಳಗೆ ಪಾಲಿಶ್ ಪೇಪರಿನಿಂದ ಗೋಡೆ ತಿಕ್ಕುತ್ತಿದ್ದೆ. ಬಣ್ಣ ಕಲಸುವುದು ಗಂಡಸರ ಕೆಲಸ, ಹೆಂಗಸರಿಗೆ ಯಾರೂ ಕೊಡುವುದಿಲ್ಲ. ಅವರು ಕಲಸುವುದನ್ನು ನಾನು ನೋಡುತ್ತ ಬಂದಿದ್ದೆ, ಅಷ್ಟೇ.

ಸತೀಶಕುಮಾರರ ಹೆಂಡತಿ ಈಶ್ವರಿ ಅಕ್ಕ ಒಂದು ದಿನ ಫೋನಿನಲ್ಲಿ ಒಂದು ಚಿತ್ರ ತಂದು ತೋರಿಸಿದರು. ಕೆಂಪು ಗೋಡೆ, ಅದರ ಮುಂದೆ ಬೆತ್ತದ ಕುರ್ಚಿ.

"ಟೆರಾಕೋಟಾ ಅಂತಾರ. ಈಗ ಎಲ್ಲಾ ಕಡಿ ಇದೇ ನಡದದ. ನನಗ ಹಾಲ್‌ದಾಗ ಒಂದ ಗೋಡಿ ಹಿಂಗೇ ಬೇಕು."

ಭಾಲ್ಕಿಯ ಅಂಗಡಿಯಿಂದ ಮಶೀನಿನಲ್ಲಿ ಕಲಸಿದ ಬಣ್ಣದ ಮೂರು ಸಣ್ಣ ಡಬ್ಬಿ ಬಂದವು. ಒಂದನ್ನು ಹಚ್ಚಿದರೆ ಕುಂಬಳಕಾಯಿ ಆಯಿತು, ಇನ್ನೊಂದು ಭಟ್ಟಿಯ ಇಟ್ಟಂಗಿ. ಮೂರನೆಯದನ್ನು ನೋಡಿ ಅಕ್ಕ, "ಗಜ್ಜರಿ ಹಲ್ವಾ ಬಳದಂಗ ಆಯ್ತಲ್ರಿ" ಎಂದು ಮುಖ ತಿರುಗಿಸಿದರು.

"ಮಶೀನ್‌ದಾಗ ಮಣ್ಣ ಎಲ್ಲಿಂದ ಬರ್ಬೇಕು ಅಕ್ಕಾ" ಎಂದರು ಚಾಚಾ.

"ಫೋಟೋದಾಗಿದ್ದು ಕೆಮ್ಮಣ್ಣ ಅದರಿ" ಎಂದೆ. "ಈ ಮನಿ ಬುನಾದಿಯಿಂದ ತಗದಿದ್ದು ಹಿತ್ತಲಾಗ ಗುಡ್ಡಿ ಬಿದ್ದದ. ನಾ ಮಾಡ್ತೇನ್ರಿ."

ಇಬ್ಬರೂ ನನ್ನ ಕಡೆ ತಿರುಗಿದರು. ಚಾಚಾ ನಕ್ಕರು.

"ಅರೆ, ಈ ಸಿದ್ದೇಶ್ವರಿಗಿ ಬಾಯಿ ಅದ! ಮಾಡು ಬೇಟಿ. ಈ ಗೋಡಿ ಚಂದ ಆದ್ರ ಇನ್ನ ಮ್ಯಾಲ ಬಣ್ಣ ನೀನೇ ಕಲಸು. ಕೆಟ್ರ ಮಾತ್ರ ಪಾಲಿಶ್ ಪೇಪರೇ ನಿನ್ನ ನಸೀಬ, ಮತ್ತ ಬಾಯಿ ತಗೀಬ್ಯಾಡ."

ನಮ್ಮ ಠಾಣಾ ಕುಶನೂರಿನ ಹೊಲದ ಮಣ್ಣು ಕಪ್ಪು. ಗೋಡೆ ಸಾರಿಸಲು ಅವ್ವ ಬೀದರ ಕಡೆಯ ಕೆಮ್ಮಣ್ಣನ್ನು ಚೀಲದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ತರುತ್ತಿದ್ದಳು. ಎಷ್ಟು ಮಣ್ಣಿಗೆ ಎಷ್ಟು ಸುಣ್ಣ, ಎಷ್ಟು ಜಾಲಿಯ ಗೋಂದು ಎಂಬುದು ಅವಳ ಕೈಯಿಂದ ನನ್ನ ಕೈಗೆ ಬಂದಿತ್ತು. ಆ ಒಂದು ಗೋಡೆಗೆ ನುಣುಪಿನ ಪುಟ್ಟಿ ಬೇಡವೆಂದೆ, ಪುಟ್ಟಿಯ ಮೇಲೆ ಮಣ್ಣು ನಿಲ್ಲುವುದಿಲ್ಲ. ಮೊದಲು ಒಂದು ಫರ್ಶಿ ಕಲ್ಲಿನ ತುಂಡಿಗೆ ಹಚ್ಚಿ, ಮಾಳಿಗೆಯ ಬಿಸಿಲಿನಲ್ಲಿ ಒಣಗಿಸಿ ತೋರಿಸಿದೆ. ಈಶ್ವರಿ ಅಕ್ಕ ಅದನ್ನು ಫೋನಿನ ಪಕ್ಕ ಹಿಡಿದು, "ಇದೇ! ಇದೇ ನೋಡು ಮತ್ತ!" ಎಂದರು.

ಒಣಗಿದ್ದನ್ನು ತೋರಿಸಿದೆ, ಹಸಿಯಿದ್ದಾಗ ಅದು ಕಪ್ಪಗಿರುವುದನ್ನು ತೋರಿಸಲಿಲ್ಲ. ಅದೇ ನನ್ನ ತಪ್ಪು. ನಮ್ಮೂರಲ್ಲಿ ಹಸಿ ಗೋಡೆಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಬೀಗರು ಬಂದರೂ ತಲೆ ತಗ್ಗಿಸಿ ಒಳಗೆ ಹೋಗುತ್ತಾರೆ. ಹೊಗಳುವುದಿದ್ದರೂ ತೆಗಳುವುದಿದ್ದರೂ ಮರುದಿನ ಬಿಸಿಲೇರಿದ ಮೇಲೆ. ಬೀದರದಲ್ಲಿ ಇದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಮೊದಲ ಕೈಯ ಹಸಿಯ ಮೇಲೆಯೇ ಎರಡನೆಯ ಕೈ ಹಚ್ಚಿ ಮುಗಿಸಿ ಕುಂಚ ತೊಳೆಯುತ್ತಿದ್ದಾಗ ಭಾಲ್ಕಿಯಿಂದ ಕಾರು ಬಂತು. ಗೃಹಪ್ರವೇಶದ ಮನೆ ಶಾಂತಿಗೆ ಮೂರೇ ದಿನ ಉಳಿದಿತ್ತು. ಸತೀಶಕುಮಾರರು, ಅವರ ಹಿಂದೆ ತಾಯಿ ಗುರಮ್ಮ. ಗುರಮ್ಮ ಹುಟ್ಟಿದ್ದು ಔರಾದ ಕಡೆಯ ಹಳ್ಳಿಯಲ್ಲಿ, ಮಣ್ಣಿನ ಮನೆಯಲ್ಲಿ. ಆ ಸುದ್ದಿ ತೆಗೆದರೆ ಸಿಟ್ಟಾಗುತ್ತಾರೆ, ಭಾಲ್ಕಿಯವಳೇ ಅಂತ ಹೇಳಿಕೊಳ್ಳುತ್ತಾರೆ ಎಂದು ಈಶ್ವರಿ ಅಕ್ಕ ಚಹಾ ಕುಡಿಯುವಾಗ ನನಗೆ ಹೇಳಿದ್ದರು.

ಸತೀಶಕುಮಾರರು ಬಾಗಿಲಲ್ಲೇ ನಿಂತರು.

"ಏ ಈಶ್ವರಿ, ಇದೇನ್ ಹಚ್ಚಿಸೀದಿ? ಎಮ್ಮಿ ಮೈ ತೊಳದಂಗ ಆಗ್ಯಾದಲ್ಲ!"

"ಫೋಟೋದಾಗ ಹಿಂಗ ಇದ್ದಿಲ್ರಿ" ಎಂದರು ಅಕ್ಕ. ಅವರ ದನಿ ಸಣ್ಣದಾಗಿತ್ತು. "ಈ ಹುಡುಗಿ ಮಾಡ್ತೇನಿ ಅಂದ್ಳು..."

"ಯಾರು, ಪೇಪರ್ ತಿಕ್ಕೋ ಹುಡುಗಿ? ಮಂದಿ ಊಟಕ್ಕ ಬರೋ ಮನಿ ಇದು, ದನ ಕಟ್ಟೋ ಕೊಟ್ಟಿಗಿ ಅಲ್ಲ."

"ಹೊಸಾ ಮನಿಯಾಗ ಮಣ್ಣೇನವ್ವ" ಎಂದರು ಗುರಮ್ಮ. "ಇಂಥಾದ್ದು ನಾ ಎಲ್ಲೀ ನೋಡಿಲ್ಲ."

ಹಾಗೆನ್ನುತ್ತಲೇ ಅವರು ಗೋಡೆಯ ಬುಡಕ್ಕೆ ಬಾಗಿದರು. ಬಂಗಾರದ ಬಳೆಗಳನ್ನು ಮೇಲೆ ಸರಿಸಿ ಬೆರಳಿನ ಹಿಂಬದಿಯನ್ನು ಗೋಡೆಗೆ ತಾಗಿಸಿದರು. ನೋಡಿರದವರು ಬೆರಳ ತುದಿಯಿಂದ ಮುಟ್ಟುತ್ತಾರೆ, ಮುಟ್ಟಿ ಕಲೆ ಮಾಡುತ್ತಾರೆ. ಹಸಿ ಎಷ್ಟಿದೆ ಎಂದು ಬೆರಳಿನ ಹಿಂಬದಿಯಿಂದ ನೋಡುವುದು ಗೋಡೆ ಸಾರಿಸಿದ ಕೈ. ನಮ್ಮವ್ವನೂ ಹಾಗೆಯೇ ನೋಡುತ್ತಾಳೆ. ಗುರಮ್ಮ ಕೈಯನ್ನು ಸೆರಗಿನ ಒಳಮೈಗೆ ಒರೆಸಿಕೊಂಡು ಎದ್ದು ನಿಂತರು. ಬೇರೆ ಯಾರೂ ಗಮನಿಸಲಿಲ್ಲ.

"ಮಕ್ಬೂಲ, ಇದರ ಮ್ಯಾಲ ಬಿಳೀ ಹೊಡಿ. ಈಗೇ" ಎಂದರು ಸತೀಶಕುಮಾರರು.

"ಹೌದ್ರಿ ಸಾಹುಕಾರ್ರ" ಎಂದು ಚಾಚಾ ಏಣಿ ಇಳಿದರು. ಮೂವತ್ತು ವರ್ಷ ಅವರು ನೋಡಿದ್ದು ಡಬ್ಬಿಯ ಬಣ್ಣ. ಅದು ಒಣಗಿದ ಮೇಲೆ ಇನ್ನಷ್ಟು ಗಾಢವಾಗುತ್ತದೆ. ಹಸಿಯಲ್ಲೇ ಇಷ್ಟು ಕಪ್ಪಾದರೆ ಒಣಗಿದ ಮೇಲೆ ಗತಿಯೇನು ಎಂಬ ಹೆದರಿಕೆ ಅವರ ಮುಖದಲ್ಲೇ ಇತ್ತು. ರೋಲರ್ ತೆಗೆದುಕೊಂಡು ಬಿಳಿ ಪ್ರೈಮರಿನ ಡ್ರಮ್ಮಿನ ಕಡೆ ಬಂದರು.

ನಾನು ಹೋಗಿ ಆ ಡ್ರಮ್ಮಿನ ಮುಚ್ಚಳದ ಮೇಲೆ ಕೂತೆ.

"ಏಳು ಬೇಟಿ."

"ಏಳಂಗಿಲ್ರಿ ಚಾಚಾ."

"ಹುಚ್ಚಿ ಇದ್ದೀಯೇನು? ನನ್ನ ಕೆಲಸ ಕಳೀತಿ ನೀ!"

ಎರಡೂ ಕೈಯಿಂದ ಮುಚ್ಚಳದ ಅಂಚನ್ನು ಬಿಗಿಯಾಗಿ ಹಿಡಿದೆ. "ಇದರಾಗ ಸುಣ್ಣ ಅದರಿ. ಒಣಗಿದಂಗ ತಿಳೀ ಆಗ್ತದ. ನಾಳಿ ಮಧ್ಯಾನದ ತನಕ ಬಿಡ್ರಿ. ಆಗ್ಲಿಲ್ಲಂದ್ರ ಈ ಬಿಳೀ ನಾನೇ ಹಚ್ಚಿ ಹೋಗ್ತೇನಿ."

ಈಶ್ವರಿ ಅಕ್ಕ ಓಡಿಹೋಗಿ ಫರ್ಶಿಯ ತುಂಡು ತಂದರು. "ನೋಡ್ರಿ, ಇದು ಮಾತ್ರ ಚಂದ ಆಗಿತ್ತು."

"ಬಿಸಿಲಾಗ ಸುಟ್ಟ ಫರ್ಶಿ ಬ್ಯಾರೆ, ನೆಳ್ಳಾಗಿನ ಗೋಡಿ ಬ್ಯಾರೆ" ಎಂದು ಸತೀಶಕುಮಾರರು ಅದನ್ನು ಕಿಟಕಿಯ ಕಟ್ಟೆಯ ಮೇಲೆ ಬಿಸಾಕಿದರು. ನನ್ನ ಎದುರು ಬಂದು ನಿಂತರು. "ಎಷ್ಟು ಓದೀದಿ?"

"ಏಳನೇತ್ತ."

"ಏಳನೇತ್ತದಾಗ ಗೋಡಿ ಪಾಠ ಇತ್ತೇನು?"

"ಇದ್ದಿಲ್ರಿ. ಇದು ನಮ್ಮವ್ವ ಕಲಿಸ್ಯಾಳ."

"ನನ್ನ ಮನಿ, ನನ್ನ ಗೋಡಿ. ಬ್ಯಾಡ ಅನ್ಲಿಕ್ಕಿ ನೀ ಯಾರು?"

"ಮನಿ ನಿಮ್ದೇರಿ" ಎಂದೆ. "ಆದ್ರ ಗೋಡಿ ಇನ್ನಾ ಆಗಿಲ್ಲ. ಆಗಲಾರದ್ದಕ್ಕ ಕೆಟ್ಟದ ಅಂತ ಹ್ಯಾಂಗ ಅಂತೀರಿ?"

ಚಾಚಾ ಹಣೆಗೆ ಕೈ ಹಚ್ಚಿದರು. ಸತೀಶಕುಮಾರರ ಮುಖ ಕೆಂಪೇರಿತು. "ಎಬ್ಬಿಸೋ ಇಕೀನ್ನ" ಎಂದು ಚಾಚಾಗೆ ಹೇಳಿದರು. ಚಾಚಾ ಒಂದು ಹೆಜ್ಜೆ ಮುಂದಿಟ್ಟು, ಹೆಣ್ಣುಮಗಳ ಮೈಗೆ ಕೈ ಹಚ್ಚಲಾರದೆ ಅಲ್ಲೇ ನಿಂತರು.

ನಾನು ಗುರಮ್ಮನ ಕಡೆ ತಿರುಗಿದೆ. ದೊಡ್ಡವರ ಮುಖ ನೋಡಿ ಮಾತಾಡಿದವಳಲ್ಲ ನಾನು. ಅವತ್ತು ನೋಡಿದೆ.

"ಅಮ್ಮಾ, ನೀವು ಈಗ ಕೈ ಹಚ್ಚಿ ನೋಡೀರಿ. ನಿಮಗ ಗೊತ್ತದ. ಒಣಗಿದ ಮ್ಯಾಲ ಇದು ಹ್ಯಾಂಗ ಆಗ್ತದ, ನಿಮ್ಮ ಮಗಗ ಒಂದ ಮಾತು ಹೇಳ್ರಿ."

ಗುರಮ್ಮ ಹೊರಗೆ ನಿಂತ ಕಾರಿನ ಕಡೆ ನೋಡಿದರು. ಈಶ್ವರಿ ಅಕ್ಕ ಅತ್ತೆಯ ಮುಖ ನೋಡಿದರು, ಸತೀಶಕುಮಾರರು ತಾಯಿಯ ಮುಖ ನೋಡಿದರು. ಚಾಚಾನ ಕೈಯಲ್ಲಿ ರೋಲರ್ ಹಾಗೆಯೇ ಇತ್ತು. ನಾನು ಡ್ರಮ್ಮಿನ ಮೇಲಿಂದ ಏಳಲಿಲ್ಲ.

"ಹೇಳ್ರಿ ಅಮ್ಮಾ" ಎಂದು ಇನ್ನೊಮ್ಮೆ ಕೇಳಿದೆ.

ಗುರಮ್ಮ ಕೆಮ್ಮಣ್ಣು ಹತ್ತಿದ ಸೆರಗಿನ ಚುಂಗನ್ನು ಒಳಗೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮತ್ತೆ ಕಾರಿನ ಕಡೆಗೇ ನೋಡಿದರು.