ಬಾಯಿ ತುಂಬ ಮೊಳೆ

ಮನುಷ್ಯನ ಬಾಯಲ್ಲಿ ಸದಾ ಏನಿರುತ್ತದೆ ಎಂಬುದನ್ನು ನೋಡಿದರೆ ಅವನ ಅರ್ಧ ಚರಿತ್ರೆ ತಿಳಿಯುತ್ತದೆ: ಕೆಲವರ ಬಾಯಲ್ಲಿ ಬೈಗುಳ, ಕೆಲವರ ಬಾಯಲ್ಲಿ ಉಪದೇಶ, ಇನ್ನು ಕೆಲವರ ಬಾಯಲ್ಲಿ ತಮ್ಮದೇ ಗುಣಗಾನ. ನಮ್ಮ ಬೀದಿಯ ಸೋಫಾ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರ ಬಾಯಲ್ಲಿ ಮಾತ್ರ ಮೊಳೆಗಳಿರುತ್ತಿದ್ದವು. ಅಗಲ ತಲೆಯ, ಉಗುರಿನಷ್ಟು ಉದ್ದದ, ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿಯುವ ಸಣ್ಣ ಮೊಳೆಗಳು. ಎಡಗೈ ಬಟ್ಟೆಯನ್ನು ಎಳೆದು ಹಿಡಿದಿದ್ದರೆ ನಾಲಿಗೆ ಒಂದೊಂದೇ ಮೊಳೆಯನ್ನು ತುಟಿಯ ತುದಿಗೆ ತಳ್ಳುತ್ತಿತ್ತು; ಅಯಸ್ಕಾಂತದ ತಲೆಯ ಸುತ್ತಿಗೆ ಅದನ್ನು ಎತ್ತಿಕೊಂಡು ಮರಕ್ಕೆ ಬಡಿಯುತ್ತಿತ್ತು. ಈ ಕಸುಬಿನ ಹಳಬರೆಲ್ಲ ಹೀಗೆಯೇ ಮಾಡುವುದಂತೆ. ಆದರೆ ಇವರು ಕೆಲಸ ಮುಗಿಸಿ ಬೀದಿಯಲ್ಲಿ ನಡೆಯುವಾಗಲೂ, ಅಂಗಡಿಯ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುವಾಗಲೂ ಕೆನ್ನೆಯಲ್ಲಿ ನಾಲ್ಕಾರು ಮೊಳೆ ಇಟ್ಟುಕೊಂಡೇ ಇರುತ್ತಿದ್ದರು. ಬೀದಿಯ ಮಕ್ಕಳು ‘ಮೊಳೆ ಮಾವ’ ಎಂದು ಹೆಸರಿಟ್ಟರು. ದೊಡ್ಡವರಿಗೂ ಅದೇ ರೂಢಿಯಾಯಿತು.

‘ನುಂಗಿಬಿಟ್ಟರೆ ಗತಿಯೇನು?’ ಎಂದು ಒಮ್ಮೆ ಕೇಳಿದ್ದೆ. ಬರೆಯುವವನಿಗೆ ಊರ ಉಸಾಬರಿಯೆಲ್ಲ ಬೇಕು, ಏನು ಮಾಡುವುದು.

ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು, ಅಂಗಿಗೆ ಒರೆಸಿಕೊಂಡು, ‘ಇದು ಬಾಯಲ್ಲಿದ್ರೆ ಬೇರೆದು ಒಳಗೆ ಹೋಗಲ್ಲ ಸಾರ್’ ಎಂದರು. ಮತ್ತೆ ಮೊಳೆಗಳನ್ನು ಬಾಯಿಗೆ ಹಾಕಿಕೊಂಡರು. ಅಲ್ಲಿಗೆ ಆ ದಿನದ ಸಂಭಾಷಣೆ ಮುಗಿಯಿತು.

ಬೇರೆಯದು ಯಾವುದೆಂಬುದು ಬೀದಿಗೆಲ್ಲ ಗೊತ್ತಿತ್ತು. ಸೇನೆಯಲ್ಲಿ ನೆಲಬಾಂಬು ತೆಗೆಯುವ ದಳದಲ್ಲಿದ್ದವರು. ನಿವೃತ್ತರಾಗಿ ಬಂದ ಮೇಲೆ ಕುಡಿತಕ್ಕೆ ಬಿದ್ದು, ಕೆಲಸ, ಮರ್ಯಾದೆ, ಕಡೆಗೆ ಹೆಂಡತಿಯನ್ನೂ ಕಳೆದುಕೊಂಡು, ಕುಡಿತ ಬಿಡಿಸುವ ಕೇಂದ್ರದಲ್ಲಿ ಬಹುಕಾಲ ಇದ್ದವರು. ಅಲ್ಲಿಯೇ ಈ ಕಸುಬು ಕಲಿತದ್ದು. ಅಂಗಡಿಯ ಯಜಮಾನಿ ಅವರಿಗಿಂತ ಚಿಕ್ಕವಳು. ತಂದೆಯಿಂದ ಅಂಗಡಿಯನ್ನೂ ಅಜ್ಜಿಯಿಂದ ನಾಲಿಗೆಯನ್ನೂ ಪಡೆದಾಕೆ. ಕೇಂದ್ರದವರು ಶಿಫಾರಸು ಮಾಡಿದಾಗ, ‘ಕುಡಿಯೋರನ್ನ ನೋಡಿ ನೋಡಿ ಸಾಕಾಗಿದೆ. ಕುಡಿದು ಬಿಟ್ಟೋರು ಹೆಂಗಿರ್ತಾರೆ ನೋಡೋಣ, ಕಳಿಸಿ’ ಎಂದಳಂತೆ. ಅವರು ಆಕೆಯನ್ನು ‘ಅಮ್ಮ’ ಎಂದು ಕರೆಯುತ್ತಿದ್ದರು. ಆಕೆ ಅವರನ್ನು ಮಗನನ್ನು ಬೈದ ಹಾಗೆಯೇ ಬೈಯುತ್ತಿದ್ದಳು.

ಒಂದು ಸಲ ಬೈಗುಳಕ್ಕೆ ತಕ್ಕ ಕಾರಣವೂ ಇತ್ತು. ಮದುವೆಯ ಉಡುಗೊರೆಗೆಂದು ಸಿದ್ಧವಾಗುತ್ತಿದ್ದ ಬಿಳಿ ಸೋಫಾದ ಮುಂದೆ ಕೂತಿದ್ದಾಗ ಮೊಳೆ ಮಾವನಿಗೆ ಸೀನು ಬಂತು. ಬಾಯಲ್ಲಿದ್ದ ಮೊಳೆಗಳೆಲ್ಲ ಸೋಫಾದ ಸಂದುಗೊಂದುಗಳಲ್ಲಿ ಮಾಯವಾದವು. ಮದುಮಗಳ ತಾಯಿ ಬಾಗಿಲಲ್ಲೇ ನಿಂತಿದ್ದಾರೆ. ನಮ್ಮವರು ಅವಸರ ಮಾಡಲಿಲ್ಲ. ತೆಳುವಾದ ಸೂಜಿಯೊಂದನ್ನು ಓರೆಯಾಗಿ ಹಿಡಿದು, ಅಂಗುಲ ಅಂಗುಲವೇ ಚುಚ್ಚುತ್ತ, ಉಸಿರು ಕಟ್ಟಿ, ಒಂದೂ ಬಿಡದೆ ಹುಡುಕಿ ತೆಗೆದರು. ಅಷ್ಟರಲ್ಲಿ ಸಂಜೆಯಾಗಿತ್ತು. ಆ ತಾಯಿ ಹೋದ ಮೇಲೆ ಯಜಮಾನಿ ತಲೆ ಚಚ್ಚಿಕೊಂಡು, ‘ನಾಳೆಯಿಂದ ಸೀನೋ ಹಾಗಿದ್ರೆ ರಜಾ ಹಾಕಿ’ ಎಂದಳು.

ಆ ಓರೆ ಸೂಜಿ ಸೇನೆಯ ಅಭ್ಯಾಸ; ಮಣ್ಣೊಳಗಿನ ಬಾಂಬನ್ನು ಹೀಗೆಯೇ ಓರೆ ಸಲಾಕೆಯಿಂದ ತಡಕುವುದಂತೆ. ನಡಿಗೆಯೂ ಅಲ್ಲಿಯದೇ. ಹುಲ್ಲಿನ ಮೇಲೆ ಕಾಲಿಡುವವರಲ್ಲ. ಉದ್ಯಾನದಲ್ಲಿ ಎಲ್ಲರೂ ಅಡ್ಡ ಹಾಯ್ದು ಹೋಗುವಾಗ ಇವರು ಕಲ್ಲು ಹಾಸಿದ ಅಂಚನ್ನು ಹಿಡಿದು ಸುತ್ತಿ ಬರುವರು. ಮಣ್ಣಿನ ದಾರಿಯಾದರೆ ಮುಂದೆ ಹೋದವರ ಹೆಜ್ಜೆಯ ಗುರುತಿನ ಮೇಲೆಯೇ ತಮ್ಮ ಹೆಜ್ಜೆ. ಮೈಮೇಲೆ ಸದಾ ಒಂದು ಹಸಿರು ಕೋಟು, ಪದಕ ಪಟ್ಟಿಗಳೆಲ್ಲ ಕಿತ್ತದ್ದು. ಅದರ ಜೇಬುಗಳನ್ನು ತಾವೇ ದಪ್ಪ ದಾರದಿಂದ ಹೊಲಿದು ಮುಚ್ಚಿದ್ದರು. ಒಂದು ಕಾಲಕ್ಕೆ ಆ ಜೇಬುಗಳು ಬಾಟಲಿಯ ಮನೆಗಳಾಗಿದ್ದವು. ಈಗ ಕೀಲಿಕೈ ಕೊರಳಲ್ಲಿ, ಕನ್ನಡಕ ನೆತ್ತಿಯ ಮೇಲೆ, ಕರವಸ್ತ್ರ ತೋಳಿನ ಮಡಿಕೆಯಲ್ಲಿ. ಜೇಬಿಲ್ಲದ ಮನುಷ್ಯ ಎಷ್ಟು ಪರದಾಡುತ್ತಾನೆಂಬುದನ್ನು ಅವರನ್ನು ನೋಡಿ ತಿಳಿಯಬೇಕು.

ಹೆಂಡತಿ ತನ್ನ ತಮ್ಮನ ಮನೆಯಲ್ಲಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಕೇಂದ್ರದಿಂದ ಹೊರಬಂದ ಹೊಸತರಲ್ಲಿ ಅವಳು ಮನೆಗೆ ಮರಳಿದ್ದುಂಟು. ಇವರು ಮತ್ತೆ ಜಾರಿದರು. ಹೋಗುವಾಗ ಅವಳು ಕೂಗಾಡಲಿಲ್ಲ. ‘ಇನ್ನು ಮೇಲೆ ಆಣೆ ಮಾತ್ರ ಇಡಬೇಡಿ. ಕೇಳೋ ಶಕ್ತಿ ಇಲ್ಲ ನಂಗೆ’ ಎಂದಷ್ಟೇ ಹೇಳಿದಳಂತೆ. ಅಂದಿನಿಂದ ಅವರು ಆಣೆ ಇಡಲಿಲ್ಲ, ಕುಡಿಯಲೂ ಇಲ್ಲ. ಆದರೆ ಕುಡಿಯುತ್ತಿಲ್ಲವೆಂಬುದನ್ನು ಮಾತಿಲ್ಲದೆ ಅವಳಿಗೆ ನಂಬಿಸುವ ದಾರಿ ಯಾವುದೆಂಬುದು ಅವರಿಗೆ ತಿಳಿಯಲಿಲ್ಲ. ಅವಳು ಮತ್ತೆ ಬರುವಳೇ ಎಂಬ ಒಂದೇ ಪ್ರಶ್ನೆಯ ಸುತ್ತ ಅವರ ಬದುಕು ತಿರುಗುತ್ತಿತ್ತು. ನಮಗೆಲ್ಲ ಅದು ಕಾಣುತ್ತಿತ್ತು, ಪಾಪ.

ಹೀಗಿರುವಾಗ ಒಂದು ಬೆಳಿಗ್ಗೆ ಅವರ ಭಾವಮೈದುನ ಗಾಡಿಯಲ್ಲಿ ಒಂದು ಒರಗುಕುರ್ಚಿಯನ್ನು ತಂದಿಳಿಸಿದ. ಅವಳ ತಂದೆಯದು, ಆತ ಕೊನೆಗಾಲದಲ್ಲಿ ಮಗಳ ಮನೆಯಲ್ಲಿದ್ದಾಗ ಅದರಲ್ಲಿಯೇ ಕೂತು ದಿನ ಕಳೆದದ್ದು. ಬಟ್ಟೆ ಹರಿದಿತ್ತು. ‘ಅಕ್ಕ ಕಳಿಸಿದಾಳೆ. ನೀವೇ ಮಾಡ್ಬೇಕಂತೆ’ ಎಂದು ಹೇಳಿ ಹೋದ. ಯಜಮಾನಿಯ ಮುಖ ಅರಳಿತು. ನನ್ನ ಕುರ್ಚಿಯ ರಿಪೇರಿಗೆಂದು ಬಂದು ಅಲ್ಲೇ ಕೂತಿದ್ದ ನಾನೂ ಹಿಗ್ಗಿದೆ. ಮೊಳೆ ಮಾವನ ಮುಖ ಮಾತ್ರ ಸುಣ್ಣದಂತೆ ಬಿಳಿಚಿತು. ಕುರ್ಚಿಯ ಮೇಲೆ ಬಟ್ಟೆ ಹೊದಿಸಿ, ಅಂಗಡಿಯ ಇನ್ನೊಂದು ತುದಿಗೆ ಹೋಗಿ ಕೂತರು.

ದಿನಗಳು ಕಳೆದವು, ಕುರ್ಚಿಗೆ ಕೈ ಹಚ್ಚಲಿಲ್ಲ. ಕಡೆಗೆ ಯಜಮಾನಿ ಎದುರು ನಿಂತು ಕೇಳಿದಾಗ ಬಾಯಿ ಬಿಟ್ಟರು: ‘ಅದರ ಬೆನ್ನೊಳಗೆ ಒಂದು ಬಾಟಲಿ ಇದೆ ಅಮ್ಮ. ತುಂಬಿದ್ದು. ಕುಡೀತಿದ್ದಾಗ ನಾನೇ ಇಟ್ಟು ಹೊಲಿದಿದ್ದೆ.’

‘ಅಷ್ಟೇ ತಾನೇ? ನಾನು ತೆಗೆದು ಮೋರಿಗೆ ಸುರೀತೀನಿ. ಯಾರಿಗೆ ಗೊತ್ತಾಗ್ಬೇಕು?’

‘ಅವಳಿಗೆ ಗೊತ್ತಾಗ್ಬೇಕು. ಅವಳೇ ಬಂದು ತೆಗೀಬೇಕು.’

ಆಮೇಲೆ ನಮ್ಮಿಬ್ಬರಿಗೂ ಹೇಳಿದ್ದನ್ನು ನಾನು ಎಂದೂ ಮರೆಯಲಾರೆ. ಅವರ ದಳದಲ್ಲಿ ಇಬ್ಬಿಬ್ಬರ ಜೋಡಿ. ಬಾಂಬು ಕಂಡವನು ಅದನ್ನು ತಾನೇ ಎತ್ತುವಂತಿಲ್ಲ. ಹುಡುಕಿ ಹುಡುಕಿ ಅವನ ಕೈ ಸೋತಿರುತ್ತದೆ, ಕಂಡ ಭಯಕ್ಕೆ ನಡುಗುತ್ತಿರುತ್ತದೆ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು, ಕೂತು, ಜೊತೆಗಾರನನ್ನು ಕೂಗಬೇಕು. ಒಂದು ಮಧ್ಯಾಹ್ನ ಜೊತೆಗಾರ ಕೂಗಿದ. ಇವರು ಆಗಷ್ಟೇ ಬೂಟು ಬಿಚ್ಚಿ ಮಲಗಿದ್ದರು. ‘ನೀನೇ ತೆಗಿಯೋ, ನಿಂಗೇನು ಬರಲ್ವಾ’ ಎಂದು ಮಲಗಿದಲ್ಲಿಂದಲೇ ಕೂಗಿ ಹೇಳಿದರು. ಅವನು ತೆಗೆಯಹೋದ. ಅವನ ಮನೆಗೆ ಕಳಿಸಲು ಹೆಚ್ಚೇನೂ ಉಳಿದಿರಲಿಲ್ಲ. ವಿಚಾರಣೆ ನಡೆಸಿದವರು ಅದನ್ನು ಅಪಘಾತ ಎಂದರು. ಹೆಂಡತಿಯೊಬ್ಬಳಿಗೆ ಮಾತ್ರ ಇವರು ನಿಜ ಹೇಳಿದ್ದರು.

ಯಜಮಾನಿ ಅಂದೇ ಅವರ ಹೆಂಡತಿಗೆ ಫೋನು ಮಾಡಿ, ಬಾಟಲಿಯ ವಿಷಯ ತಿಳಿಸಿ, ಬಂದು ತೆಗೆಯಲು ಹೇಳಿದಳು. ‘ಇದೂ ಒಂದು ನಾಟಕ’ ಎಂದು ಅವಳು ಫೋನು ಇಟ್ಟಳು. ಮೊಳೆ ಮಾವ ಕಾಯತೊಡಗಿದರು. ಅಂಗಡಿಯಲ್ಲಿ ಯಾರೂ ಇಲ್ಲದಾಗ ಒಳಗಿರಲು ಒಪ್ಪದೆ, ಯಜಮಾನಿ ಊಟಕ್ಕೆ ಹೋದರೆ ತಾವೂ ಹೊರಗೆ ಮೆಟ್ಟಿಲ ಮೇಲೆ ಕೂರುತ್ತಿದ್ದರು, ಬಿಸಿಲಿರಲಿ, ಮೋಡವಿರಲಿ. ಕಾಯುವ ಗಂಡಸರನ್ನು ನಾನು ಬಹಳ ಕಂಡಿದ್ದೇನೆ. ಗಡಿಯಾರ ನೋಡದೆ ಕಾದ ಒಬ್ಬರನ್ನು ಅಲ್ಲಿಯೇ ಮೊದಲು ಕಂಡದ್ದು.

ಅವಳು ಬಂದದ್ದು ಒಂದು ಮಧ್ಯಾಹ್ನ, ಕೆಲಸದ ಬಟ್ಟೆಯಲ್ಲಿಯೇ, ಸೋಪಿನ ನೀರಿಗೆ ಸುಕ್ಕುಗಟ್ಟಿದ ಕೈಗಳೊಂದಿಗೆ. ಹೊಸ್ತಿಲ ಹೊರಗೇ ನಿಂತಳು. ಮೊಳೆ ಮಾವ ಬಾಯಲ್ಲಿದ್ದ ಮೊಳೆಗಳನ್ನೆಲ್ಲ ಡಬ್ಬಿಗೆ ಉಗುಳಿದರು. ಕುರ್ಚಿಯ ಬೆನ್ನಿನ ಬಟ್ಟೆಯನ್ನು ಬಿಚ್ಚಿದರು. ನಾರನ್ನು ಪದರ ಪದರವಾಗಿ ಸರಿಸಿದರು. ಸೂಜಿಯನ್ನು ಓರೆಯಾಗಿ ಇಳಿಸಿದರು. ಗಾಜಿಗೆ ತಾಗಿದ ಸದ್ದು ನಮಗೆಲ್ಲ ಕೇಳಿತು. ಸೂಜಿಯನ್ನು ಅಲ್ಲಿಯೇ ಬಿಟ್ಟು, ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು, ಗೋಡೆಗೊರಗಿ ನೆಲದ ಮೇಲೆ ಕೂತರು. ಕೈಗಳು ನಡುಗುತ್ತಿದ್ದವು.

‘ಸಿಕ್ತು’ ಎಂದರು. ಹೊಸ್ತಿಲ ಕಡೆ ನೋಡಿ, ‘ಬಾರೇ’ ಎಂದರು.

ಅವಳು ಅಲುಗಲಿಲ್ಲ. ಇವಳು ಹೀಗೆಯೇ ಹಿಂದಿರುಗಿ ಹೋದರೆ ಈ ಮನುಷ್ಯ ನೆಲದಿಂದ ಮತ್ತೆ ಏಳುವುದಿಲ್ಲ ಎಂದು ನನಗನ್ನಿಸಿತು.

‘ಬೆನ್ನಿಗೆ ಏನೋ ಒತ್ತುತ್ತೆ ಅಂತ ಅಪ್ಪ ಸಾಯೋವರೆಗೂ ಹೇಳ್ತಿದ್ರು’ ಎಂದಳು ಅವಳು ಕಡೆಗೆ. ‘ವಯಸ್ಸಾಯ್ತು, ಸುಮ್ನಿರಿ ಅಂತ ನಾನು ಬೈತಿದ್ದೆ.’

ಒಳಗೆ ಬಂದಳು. ನಾರಿನೊಳಗೆ ಕೈ ಹಾಕಿ ಬಾಟಲಿಯನ್ನು ಎಳೆದು ತೆಗೆದು, ಹಿಂದಿನ ತೊಟ್ಟಿಗೆ ಹೋಗಿ ಸುರಿದಳು. ವಾಸನೆ ಅಂಗಡಿಯನ್ನೆಲ್ಲ ತುಂಬಿತು. ಮೊಳೆ ಮಾವ ಕಣ್ಣು ಮುಚ್ಚಿ, ಕೋಟಿನ ಅಂಚನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ಅವಳು ನಲ್ಲಿ ಬಿಟ್ಟು ತೊಟ್ಟಿಯನ್ನು ಬಹಳ ಹೊತ್ತು ತೊಳೆದಳು; ಕೈ ಒರೆಸಿಕೊಂಡು ಬಂದು ಅವರ ಮುಂದೆ ನಿಂತಳು.

‘ಇನ್ನೂ ಎಲ್ಲೆಲ್ಲಿ ಇಟ್ಟಿದೀರಿ?’

‘ಮನೇಲಿ... ಅಟ್ಟದ ಮೇಲೆ ಒಂದಿದೆ. ನಲ್ಲಿ ಕೆಳಗಿನ ಪೆಟ್ಟಿಗೆ ಹಿಂದೆ. ಗಡಿಯಾರದೊಳಗೆ ಒಂದು ಸಣ್ಣದು. ಇನ್ನೂ ಇರಬಹುದು, ನೆನಪಿಲ್ಲ.’

‘ಅದನ್ನೆಲ್ಲ ಇಟ್ಕೊಂಡೇ ಇಷ್ಟು ದಿನ ಆ ಮನೇಲಿ ಒಬ್ರೇ ಇದ್ರಾ?’

ಅವರು ಹೌದೆಂದು ತಲೆಯಾಡಿಸಿದರು. ಅವಳ ಕಣ್ಣು ತುಂಬಿದ್ದು ಆಗಲೇ. ಆಣೆಗಳಿಂದ ಆಗದಿದ್ದುದು ಆ ತಲೆಯಾಡಿಸುವಿಕೆಯಿಂದ ಆಯಿತು.

‘ಏಳಿ. ನೀವು ತೋರಿಸ್ತಾ ಹೋಗಿ, ನಾನು ತೆಗೀತೀನಿ.’

ಇಬ್ಬರೂ ಬೀದಿಗಿಳಿದರು. ಅವಳು ಮುಂದೆ, ಅವರು ಹಿಂದೆ. ಆ ಮನೆಯನ್ನು ಅವರು ಇಡಿಯಾಗಿ ಶೋಧಿಸಲು ಬಹಳ ಸಂಜೆಗಳೇ ಹಿಡಿದವೆಂದು ಆಮೇಲೆ ತಿಳಿಯಿತು. ಎಲ್ಲ ಮುಗಿದ ಮೇಲೂ ಅವಳು ತಮ್ಮನ ಮನೆಗೆ ಹಿಂದಿರುಗಲಿಲ್ಲ.

ಸಮರದಿಂದ ಮರಳಿದವರನ್ನು ನಾವು ಧೀರರೆನ್ನುತ್ತೇವೆ. ಹಾರ ಹಾಕಿ, ಭಾಷಣ ಮಾಡಿ, ನಮ್ಮ ಪಾಲಿನದು ಮುಗಿಯಿತೆಂದು ಮನೆಗೆ ಹೋಗುತ್ತೇವೆ. ಅವರ ನಿಜವಾದ ಧೈರ್ಯ ತೋರುವುದು ಆಮೇಲೆ, ಹಾರ ಬಾಡಿದ ಮೇಲೆ, ಯಾರೂ ನೋಡದ ಕೋಣೆಯಲ್ಲಿ. ಸಾವಿನ ಎದುರು ನಿಲ್ಲುವುದನ್ನು ಅವರಿಗೆ ಯಾರೋ ಕಲಿಸಿರುತ್ತಾರೆ. ಕೈ ನಡುಗುತ್ತಿದೆ, ನನ್ನಿಂದಾಗದು, ಬಾ ಎಂದು ಮನೆಯವರನ್ನು ಕರೆಯುವುದನ್ನು ಮಾತ್ರ ಅವರು ತಾವೇ ಕಲಿಯಬೇಕಾಗುತ್ತದೆ. ಹಾಗೆ ಕರೆದವರನ್ನು ಬದುಕಿಸುವುದಕ್ಕೆ ದೊಡ್ಡ ಮಹಾತ್ಮರೇನೂ ಬೇಕಿಲ್ಲ. ಮಲಗಿದ್ದವರು ಎದ್ದು ಹೋದರೆ ಸಾಕು.